ಲೈನ್ ಮನೆಗಳ ಹೆಂಗಸರು

ಗುಡ್ಡದ ತಿರುವಿನಲ್ಲಿ ಕಾರು ನಿಲ್ಲಿಸಿ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದ ರುಮಾನಾಳ ಕಾಲಡಿಯಲ್ಲಿ ನೆಲ ನಡುಗಿತು. ಬೆಚ್ಚಿಬೀಳುವಷ್ಟರಲ್ಲಿ ನಿಂತೂ ಹೋಯಿತು. ಮೇಲಿನ ಬಂಡೆಗಳ ಸಂದಿಯಿಂದ ನಾಲ್ಕಾರು ಕಲ್ಲು ಉರುಳಿಬಂದು, ರಸ್ತೆ ದಾಟಿ ಕಣಿವೆಗೆ ಬಿದ್ದವು. ಆಮೇಲೆ ಒಂದು ಹಕ್ಕಿಯ ದನಿಯೂ ಇಲ್ಲ. ಸುತ್ತ ನಡುಮಧ್ಯಾಹ್ನದ ಬಿಸಿಲು.

ತಾಯಿ ಮಲ್ಕಾ ಹೆದರಿದಂತೆ ಕಾಣಲಿಲ್ಲ. ತಲೆಯ ಮೇಲೆ ಸೆರಗೆಳೆದುಕೊಂಡು ಕೆಳಗೆ ನೋಡುತ್ತಾ ನಿಂತಿದ್ದಳು. ಅಲ್ಲಿ ಮುಚ್ಚಿಹೋದ ಚಿನ್ನದ ಗಣಿ. ಬೂದುಬಣ್ಣದ ಮಣ್ಣಿನ ದಿಬ್ಬಗಳು, ಗಣಿಬಾವಿಯ ಮೇಲೆ ತುಕ್ಕು ಹಿಡಿದ ಕಬ್ಬಿಣದ ಗೋಪುರ, ಅದರಾಚೆ ಕಾರ್ಮಿಕರ ಲೈನ್ ಮನೆಗಳು.

"ಗಣಿಯೊಳಗೆ ಬಂಡೆ ಸಿಡೀತು," ಅಂದಳು ಮಲ್ಕಾ, ಪಕ್ಕದ ಮನೆಯ ಸುದ್ದಿ ಹೇಳುವಂತೆ.

ಅವರು ಆರ್.ಟಿ. ನಗರದಿಂದ ಹೊರಟದ್ದು ನಂದಿಬೆಟ್ಟಕ್ಕೆ. ಹೆಬ್ಬಾಳದ ಫ್ಲೈಓವರ್ ಹತ್ತಿರ ಮಲ್ಕಾ ಇದ್ದಕ್ಕಿದ್ದಂತೆ ಕೆಜಿಎಫ್ ಕಡೆಗೆ ತಿರುಗಿಸು ಅಂದಿದ್ದಳು. ಮಲ್ಕಾಳ ತಾಯಿ, ಅಜ್ಜಿ ಮೆಹಬೂಬ್ ಬೀ ಇರುವತನಕ ಮನೆಯಲ್ಲಿ ಆ ಊರಿನ ಹೆಸರೆತ್ತುವಂತಿರಲಿಲ್ಲ. ಅಜ್ಜ ಅಲ್ಲಿ ಕೆಲಸಕ್ಕಿದ್ದರು, ಎದೆಯ ಕಾಯಿಲೆಯಿಂದ ತೀರಿಕೊಂಡರು ಎಂಬುದಷ್ಟೇ ರುಮಾನಾಳಿಗೆ ಗೊತ್ತಿದ್ದದ್ದು. ಅಜ್ಜಿ ತೀರಿಕೊಂಡ ನಲವತ್ತನೆಯ ದಿನದ ಕಾರ್ಯ ಹೋದ ವಾರ ಮುಗಿದಿತ್ತು. ದಾರಿಯುದ್ದಕ್ಕೂ ಗುಡ್ಡಗಳು ಎಷ್ಟು ಚೆಂದವೆಂದು ರುಮಾನಾ ಹೇಳಿದಾಗಲೆಲ್ಲ ಮಲ್ಕಾ ಸುಮ್ಮನೆ ತಲೆಯಾಡಿಸಿದ್ದಳು.

ಈಗ ಕೆಳಗಿನ ಮನೆಗಳಿಂದ ಹೆಂಗಸರು ಹೊರಗೆ ಬರುತ್ತಿದ್ದರು. ಒಬ್ಬೊಬ್ಬರೇ ಬಂದು ಬಾಗಿಲ ಮುಂದೆ ನಿಂತರು. ಎಲ್ಲರ ಮುಖವೂ ಗೋಪುರದ ಕಡೆಗಿತ್ತು. ಯಾರೂ ಓಡಲಿಲ್ಲ, ಕೂಗಲಿಲ್ಲ, ಒಬ್ಬರನ್ನೊಬ್ಬರು ಮಾತನಾಡಿಸಲೂ ಇಲ್ಲ. ಯಾರಿಗಾದರೂ ಪೆಟ್ಟಾಗಿದ್ದರೆ ಎಂದು ರುಮಾನಾ ತಾಯಿಯನ್ನು ಕೂರಿಸಿಕೊಂಡು ಕಾರನ್ನು ಕೆಳಗಿಳಿಸಿದಳು.

ಲೈನ್ ಮನೆಗಳಿಗೆ ಸೂರಿರಲಿಲ್ಲ. ಗೋಡೆಗಳೊಳಗೆ ಲಂಟಾನ ಆಳೆತ್ತರ ಬೆಳೆದಿತ್ತು. ಬಾಗಿಲುಗಳನ್ನು ಯಾವ ಕಾಲದಲ್ಲೋ ಕಿತ್ತೊಯ್ದಿದ್ದರು. ಮೇಲಿನಿಂದ ಕಂಡ ಹೆಂಗಸರು ಒಬ್ಬರೂ ಅಲ್ಲಿರಲಿಲ್ಲ. ನೆಲದ ಧೂಳಿನ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ. ರುಮಾನಾ ಕಾರು ಹಿಂದಕ್ಕೆ ತಿರುಗಿಸಬೇಕೆನ್ನುವಷ್ಟರಲ್ಲಿ ಮಲ್ಕಾ ಇಳಿದುಬಿಟ್ಟಿದ್ದಳು. ನೇರ ಹೋಗಿ ಒಂದು ಬಾಗಿಲ ಮುಂದೆ ಗೋಪುರದ ಕಡೆಗೆ ಮುಖಮಾಡಿ ನಿಂತಳು.

"ಅಮ್ಮೀ, ಬನ್ನಿ. ಹೋಗೋಣ."

"ನಿಮ್ಮಜ್ಜ ಕಾಯಿಲೆಯಿಂದ ಸಾಯಲಿಲ್ಲ ರುಮಾನಾ. ಒಳಗೇ ಉಳಿದ್ರು. ನೆಲ ನಡುಗಿದ್ರೆ ನಾವೆಲ್ಲ ಹೀಗೇ ಬಂದು ನಿಲ್ತಿದ್ವಿ. ಆಳುಗಳ ಲಿಫ್ಟು ಮೇಲೆ ಬಂದ್ರೆ ಗಂಟೆ ಹೊಡೀತಿತ್ತು. ಆ ಸಲ ಹೊಡೀಲಿಲ್ಲ. ಕಂಪನಿಯವ್ರು ಇನ್ನು ಕಾಯೋದು ಬೇಡ ಅಂದ್ರು. ನಿಮ್ಮಜ್ಜಿ ನನ್ನ ಕೈ ಹಿಡ್ಕೊಂಡು ರೈಲು ಹತ್ತಿಬಿಟ್ಳು." ಮಲ್ಕಾ ಅಕ್ಕಪಕ್ಕದ ಬಾಗಿಲುಗಳ ಕಡೆ ನೋಡಿದಳು. "ಬೇರೆಯವ್ರು ಯಾರೂ ಹೋಗ್ಲಿಲ್ಲ. ನಾವಿಬ್ರೇ ಹೋದದ್ದು."

ರುಮಾನಾ ಹತ್ತಿರ ಹೋಗಿ ತಾಯಿಯ ತೋಳು ಹಿಡಿದಳು. ಮಲ್ಕಾ ಮೆಲ್ಲನೆ ಬಿಡಿಸಿಕೊಂಡಳು.

"ಆ ಎಂಜಿನ್ ಆಫ್ ಮಾಡು. ಏನೂ ಕೇಳಿಸ್ತಿಲ್ಲ."

ರುಮಾನಾ ಹೋಗಿ ಕೀಲಿ ತಿರುಗಿಸಿದಳು. ಗಾಳಿಯೂ ನಿಂತಂತಾಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ಆಳದಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ, ಗಂಟೆ ಹೊಡೆದಂತೆ ಲೋಹದ ಮೇಲೆ ಲೋಹ ತಾಗಿದ ಸದ್ದು. ಗಣಿಬಾವಿಯ ಕಡೆಯಿಂದ ಒದ್ದೆ ಮಣ್ಣಿನ ತಣ್ಣನೆಯ ವಾಸನೆ ಬಂತು.

"ಬಂದ್ರು," ಅಂದಳು ಮಲ್ಕಾ. ಸೆರಗು ಸರಿಮಾಡಿಕೊಂಡು, ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.