ಬಿಳಿ ಮೂರು

ಹಾರ್ಮೋನಿಯಂ ತಿದಿಯ ಮಡಿಕೆಗಳಲ್ಲಿ ಕೂತಿದ್ದ ಶೇಂಗಾ ಹೊಟ್ಟಿನ ಧೂಳನ್ನು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತ ಬಂದ ಗಂಗಾಂಬಿಕೆಯ ಕೈ ಬೆರಳಿಟ್ಟು ಒತ್ತುವ ಮನೆಗಳ ಮೇಲೆ ಬಂದು ನಿಂತಿತು. ಮೂರನೆಯ ಬಿಳಿ ಮನೆ ಒಳಗಿಳಿದು ಕೂತಿತ್ತು. ಅದು ಮೇಲೇಳದಂತೆ ಪಕ್ಕದ ಸಂದಿಯಲ್ಲಿ ಯಾರೋ ಬೆಂಕಿಕಡ್ಡಿ ಸಿಗಿಸಿದ್ದರು. ಹಾಡುವವರಿಗೆ ಶ್ರುತಿ ಹಿಡಿದಿಡಲು ಎಲ್ಲರೂ ಮಾಡುವುದೇ. ಆದರೆ ಅವರ ಭಜನಾ ಸಂಘದ ಶ್ರುತಿ ಇನ್ನೂ ಎತ್ತರದ ಆರನೆಯ ಮನೆ, ಬಿಳಿ ಆರು. ಅದು ಸಂಘದ ಮುಂದಾಳು ಹಾಡುಗಾರ್ತಿ ಪುಷ್ಪಲತಾಳ ದನಿ.

ಕೊಟ್ಟೂರಿನ ಎಣ್ಣೆ ಮಿಲ್ಲಿನ ಮೇಲಿದ್ದ ಆ ಖೋಲಿಯಲ್ಲಿ ಮಧ್ಯಾಹ್ನ ಹೆಣ್ಣುಮಕ್ಕಳ ಭಜನೆ, ಸಂಜೆ ಬ್ಯಾಂಡಿನವರ ತಾಲೀಮು. ಎರಡೂ ಕಡೆಯವರ ವಾದ್ಯಗಳು ಅಲ್ಲೇ ಇರುತ್ತಿದ್ದವು. ಕೇಳದೆ ಇನ್ನೊಬ್ಬರದ್ದನ್ನು ಮುಟ್ಟಬಾರದು, ಕೇಳಿ ತೆಗೆದುಕೊಂಡರೂ ಇದ್ದ ಹಾಗೇ ಇಡಬೇಕು ಎಂದು ಪುಷ್ಪಲತಾ ಕಟ್ಟುನಿಟ್ಟು ಮಾಡಿದ್ದಳು. ಖೋಲಿ ಅವಳ ಮೈದುನನದು. ಹಾರ್ಮೋನಿಯಂ ಮಾತ್ರ ಗಂಗಾಂಬಿಕೆಯದು.

ಕಡ್ಡಿಯನ್ನು ಕಿತ್ತು ಬಿಸಾಡಬೇಕಿತ್ತು. ಸುಮ್ಮನೆ ನೋಡೋಣವೆಂದು ತಿದಿ ಒತ್ತಿದಳು. ಕಾಳು ತುಂಬುವ ನೆಲದಡಿಯ ಹಗೇವಿನ ಒಳಗಿನಿಂದ ಯಾರೋ ಓಗೊಟ್ಟಂತೆ ದನಿ ಎದ್ದಿತು. ಕೆಳಗೆ ಮಿಲ್ಲು ಗುಂಯ್‌ಗುಡುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಹೊಟ್ಟಿನ ಕಣಗಳು ಬೀಳುವುದನ್ನೇ ಮರೆತು ತೇಲುತ್ತಿದ್ದವು. ಅವಳಿಗೆ ಗೊತ್ತಾಗುವ ಮೊದಲೇ ಅವಳ ಬಾಯಿ ತೆರೆದಿತ್ತು.

ಸಂಘಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹಾಡಲು ಹೋಗಿ, ಬಿಳಿ ಆರರ ಎತ್ತರದಲ್ಲಿ ಅವಳ ದನಿ ಒಡೆದಿತ್ತು. ನೀ ಪೇಟಿ ಹಿಡಿ ಗಂಗಾ, ಹಾಡೋದು ನಮಗ ಬಿಡು ಎಂದಿದ್ದಳು ಪುಷ್ಪಲತಾ. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಅಂದಿನಿಂದ ಅವಳ ಬೆರಳುಗಳನ್ನು ಊರೆಲ್ಲ ಹೊಗಳಿತು. ತನಗೆ ಗಂಟಲೇ ಇಲ್ಲವೆಂದು ಅವಳೂ ನಂಬಿದಳು. ಮನೆಯಲ್ಲಿ ಮಿಕ್ಸರ್ ತಿರುಗುವಾಗಷ್ಟೇ ಸಣ್ಣಗೆ ಗುನುಗುವುದಿತ್ತು.

ಈಗ ಪದವಿಲ್ಲದ ಒಂದು ಆಲಾಪ ಅವಳಿಂದ ಹೊರಟಿತು. ಎಲ್ಲೂ ಏರು ಇರಲಿಲ್ಲ. ಎರೆಹೊಲದ ನಡುವಿನ ಬಂಡಿಜಾಡಿನಂತೆ ದಾರಿ ತಾನಾಗಿ ಮುಂದೆ ಮುಂದೆ ಹೋಗುತ್ತಿತ್ತು. ಆ ದಾರಿಯಲ್ಲಿ ಯಾರೋ ಹೆಂಗಸು ತಲೆಯ ಮೇಲೆ ಸೆರಗಿಲ್ಲದೆ, ಆತುರವಿಲ್ಲದೆ ನಡೆಯುತ್ತಿದ್ದಳು. ಅವಳ ಮುಖ ನೋಡಬೇಕೆಂದು ಗಂಗಾಂಬಿಕೆ ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಬಾಗಿಲಲ್ಲಿ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವ ರಹಿಮಾನ್ ಚಪ್ಪಲಿ ಬಿಟ್ಟು ನಿಂತಿದ್ದ.

"ಮೆಟ್ಲ ಮ್ಯಾಗ ನಿಂತಿದ್ದೆ ಅಕ್ಕಾರ. ಯಾರೋ ರೇಡಿಯೋ ತಂದಾರ ಅನ್ಕೊಂಡೆ."

"ಈ ರೇಡಿಯೋಕ್ಕ ಇಷ್ಟು ದಿನ ಶೆಲ್ ಇದ್ದಿಲ್ಲ ಬಿಡ್ರಿ" ಎಂದಳು. ಹೇಳಿದ ಮೇಲೆ ನಾಚಿಕೆಯಾಯಿತು.

ಅವನು ನಗಲಿಲ್ಲ. ಕಣ್ಣು ಕಡ್ಡಿಯ ಮೇಲೆ ಬಿದ್ದಿತ್ತು. ಉಜ್ಜಿನಿಯ ಮದುವೆಗೆ ಹೊಸ ಹಾಡು ಕೂಡಿಸಬೇಕಿತ್ತಂತೆ, ನಿನ್ನೆ ನೋಡಿದರೆ ಕ್ಲಾರಿಯೋನೆಟ್ಟಿನ ರೀಡು ಸೀಳಿತ್ತಂತೆ. ಬ್ಯಾಂಡಿನವರಿಗೆ ಧಾಟಿ ಹೇಳಿಕೊಡಲು ಹಾರ್ಮೋನಿಯಂ ತೆಗೆದವನು ಕಡ್ಡಿ ಮರೆತಿದ್ದ. ಇದು ಪುಷ್ಪಲತಾಳಿಗೆ ಗೊತ್ತಾದರೆ ತಮ್ಮವರಿಗೆ ಖೋಲಿ ತಪ್ಪುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿ, ಕಡ್ಡಿ ತೆಗೆಯಲು ಬಗ್ಗಿದ. ಅವಳು ಕೈ ಅಡ್ಡ ಹಿಡಿದಳು.

"ಇರ್ಲಿ. ಇನ್ಮ್ಯಾಲೆ ತಗೊಳ್ಳೋ ಮುಂದ ಒಂದು ಮಾತು ಕೇಳ್ರಿ. ಇಡೋ ಮುಂದ ಕಡ್ಡಿ ಮರೆತ್ರೂ ನಡೀತೈತಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆ, ತಾಳಗಳ ಸದ್ದಾಯಿತು. ಮುಂದೆ ಪುಷ್ಪಲತಾ, ಹಿಂದೆ ತಾಳ ಹಾಕುವ ಮುದುಕಿ ಎರ್ರಮ್ಮ, ಅವಳ ಹಿಂದೆ ಉಳಿದವರು. ಪುಷ್ಪಲತಾ ಕೂರುವ ಮೊದಲೇ ಒಳಗಿಳಿದ ಮನೆಯನ್ನು ಕಂಡಳು. ಆಮೇಲೆ ರಹಿಮಾನನನ್ನು ನೋಡಿದಳು.

"ಯಾರಿಟ್ಟಿದ್ದಿದು?"

"ನಾನ ಇಟ್ಟೀನಿ ಪುಷ್ಪಕ್ಕ."

"ನಿನಗ್ಯಾಕಬೇ ಬಿಳಿ ಮೂರು? ಅದು ಗಂಡಸರ ದನಿ. ತಗಿ ತಗಿ, ಹೊತ್ತಾತು."

ರಹಿಮಾನ್ ರೀಡಿನ ಡಬ್ಬಿ ಎತ್ತಿಕೊಂಡು, ಇವಳತ್ತ ತಲೆಬಾಗಿಸಿ ಇಳಿದು ಹೋದ. ಗಂಗಾಂಬಿಕೆ ಕಡ್ಡಿ ಕಿತ್ತು ಆರನೆಯ ಮನೆಗೆ ಸಿಗಿಸಿದಳು. ಹಾಡು ಎದ್ದಿತು. ಎತ್ತರದ ಸಾಲಿಗೆ ಬಂದಾಗ ಪುಷ್ಪಲತಾ ತುಸು ತಪ್ಪಿ ಹಾರ್ಮೋನಿಯಂ ಕಡೆ ತಿರುಗಿದಳು. ಗಂಗಾಂಬಿಕೆ ಒಂದು ಮನೆ ಒತ್ತಿ ದನಿ ಕೊಟ್ಟಳು. ಪುಷ್ಪಲತಾ ಅದನ್ನು ಹಿಡಿದು ನಡೆದಳು, ಉಳಿದವರು ಅವಳ ಹಿಂದೆ ನಡೆದರು. ಪ್ರತಿ ದಿನವೂ ಹೀಗೇ ಆಗುತ್ತಿತ್ತು. ಇಂದು ಮಾತ್ರ ಗಂಗಾಂಬಿಕೆ ಅದನ್ನು ದೂರದಿಂದ ನಿಂತು ನೋಡಿದಂತೆ ನೋಡಿದಳು. ಇಷ್ಟೂ ಜನ ಬರುತ್ತಿದ್ದುದು ತನ್ನ ಬೆರಳ ಹಿಂದೆ.

ಸೋಮವಾರ ಗುಡಿಯ ಭಜನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಶ್ರುತಿಗಾಗಿ ಕಾಯುತ್ತಾರೆ. ಆ ಗಳಿಗೆಯಲ್ಲಿ ಬಿಳಿ ಮೂರು ಕೊಟ್ಟು, ಮೊದಲ ಸಾಲನ್ನು ತಾನೇ ಎತ್ತಿಕೊಳ್ಳುವುದು ಎಂದುಕೊಂಡಳು. ಬೆರಳು ತಪ್ಪಲಿಲ್ಲ.

ತಾಳ ಹಾಕುತ್ತಿದ್ದ ಎರ್ರಮ್ಮ ಅವಳ ಮುಚ್ಚಿದ ತುಟಿಯಲ್ಲಿನ ನಗು ಕಂಡು ಅತ್ತ ಬಾಗಿ ಪಿಸುಗುಟ್ಟಿದಳು: "ಬಾಯಾಗೇನು ಬೆಲ್ಲ ಇಟ್ಕೊಂಡೀಯೇನಬೇ?"

ಗಂಗಾಂಬಿಕೆ ತುಟಿ ಬಿಚ್ಚದೆ ತಿದಿ ಒತ್ತಿದಳು.