ಸರ್ಜಾನ ರಕ್ತ

ಕೆಂಚವ್ವ ಕುಡಗೋಲು ಹಿಡಿದೇ ಬಂದಳು. ಹಿಂದೆ ಕಬ್ಬೂರಿನ ಅರ್ಧ ಓಣಿ.

“ಸರೀಲೇ ಭೀಮಸಿ. ಆ ಹೋರಿ ಬೀಜಾ ನಾನಽ ಕೊಯ್ತೇನಿ.”

ಭೀಮಸಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ. ಒಳಗೆ ರಾವಸಾಹೇಬರ ಸೀಮೆ ಹೋರಿ ಸರ್ಜಾ, ಹಿಂಗಾಲು ಊರದೆ ಮೆಲುಕು ಹಾಕುತ್ತಿತ್ತು. ಸೀಸೆಯಲ್ಲಿ ಹಾಲು ಕುಡಿಸಿ ಅದನ್ನು ಬೆಳೆಸಿದವನು ಅವರ ಆಳು ಭೀಮಸಿಯೇ. ಬೆದೆಗೆ ಬಂದ ಊರ ಆಕಳುಗಳೆಲ್ಲ ಇಲ್ಲಿಗೇ ಬರುತ್ತಿದ್ದವು. ಈಗ ಹುಟ್ಟಿದ ಕರುಗಳು ಒಂದೊಂದಾಗಿ ಸಾಯುತ್ತಿದ್ದವು. ಬಾಯಿತುಂಬ ಹುಣ್ಣು, ಬಿಡದ ಜ್ವರ.

“ಅವಂದ ತಪ್ಪಿಲ್ಲಬೇ ಯವ್ವಾ.”

“ಹೋರಿ ನಾಚತೈತಿ, ಆಕಳಾ ಕಟ್ಟಿ ಚಾ ಕುಡದ ಬಾ ಅಂತಿದ್ದೆಲ್ಲ. ನಾಚಿಕಿ ನಿನ್ನ ಹೋರಿಗೆ, ಮಣ್ಣು ನನ್ನ ಕರಕ್ಕ.”

ಗುಂಪು ನಕ್ಕಿತು. ಭೀಮಸಿ ನಗಲಿಲ್ಲ.

ರಾವಸಾಹೇಬರು ಕಟ್ಟೆಯಿಂದಲೇ ಅಂದರು, “ಬೀಜ ಯಾಕ, ಹೋರಿನಽ ಕಡಿಯಾಕ ಕಟಗರಿಗೆ ಕೊಡ್ತೇನಿ. ಮಂದಿ ಬಾಯಾಗ ನಾ ಯಾಕ ಬೀಳ್ಲಿ?”

ಭೀಮಸಿ ಸೈಕಲ್ ತುಳಿದು ಹಾರೂಗೇರಿಗೆ ಹೋಗಿ ದನದ ಡಾಕ್ಟರ ಕಾಲು ಹಿಡಿದ.

“ರಕ್ತ ದೊಡ್ಡ ಲ್ಯಾಬಿಗೆ ಕಳಸ್ಬೇಕು,” ಎಂದರು ಡಾಕ್ಟರು. “ತಂದಿ, ತಾಯಿ, ಎರಡರ ರಕ್ತದಾಗೂ ದೋಷ ಇದ್ರಷ್ಟಽ ಕರಾ ಹಿಂಗ ಸಾಯ್ತಾವ. ದೋಷ ಸಿಕ್ತಂದ್ರ ಹೋರಿ ಉಳಿಯೂದಿಲ್ಲ, ನೋಡು.”

“ಕಳಸ್ರಿ. ಏನೂ ಸಿಗೂದಿಲ್ಲ.”

“ನಿನಗ ಹ್ಯಾಂಗ ಗೊತ್ತೋ?”

“ನೀವ ಮೊದಲ ಬರ್ರಿ,” ಎಂದು ಭೀಮಸಿ ಸೈಕಲ್ ತಿರುಗಿಸಿದ.

ಡಾಕ್ಟರು ಬಂದು ಸರ್ಜಾನ ರಕ್ತ ತೆಗೆದರು. ಸಾಯುತ್ತಿದ್ದ ಕೆಂಚವ್ವನ ಕರುವಿನ ರಕ್ತವನ್ನೂ ತೆಗೆದರು. ಫಲಿತಾಂಶ ಬರುವವರೆಗೆ ಭೀಮಸಿ ಕೊಟ್ಟಿಗೆಯಲ್ಲೇ ಮಲಗಿದ, ಯಾರಾದರೂ ವಿಷ ಇಟ್ಟಾರೆಂದು.

ಕಡೆಗೊಂದು ಮಧ್ಯಾಹ್ನ ಡಾಕ್ಟರ ಸ್ಕೂಟರು ಬಂತು. ಓಣಿ ಮತ್ತೆ ನೆರೆಯಿತು.

“ಸರ್ಜಾ ಚೊಕ್ಕ ಅದಾನ. ಎಳ್ಳಷ್ಟೂ ದೋಷಿಲ್ಲ.”

ಭೀಮಸಿ ಸರ್ಜಾನ ಕೊರಳಿಗೆ ಮುಖ ಒತ್ತಿ ಅತ್ತ. ರಾವಸಾಹೇಬರು ಮೀಸೆ ತಿರುವಿದರು. ಕೆಂಚವ್ವನ ಕುಡಗೋಲು ಕೆಳಗಿಳಿಯಿತು.

ಡಾಕ್ಟರು ಸ್ಕೂಟರು ಹತ್ತಲಿಲ್ಲ. “ಖರೆ, ಕರದ ರಕ್ತದಾಗ ದೋಷ ಸಿಕ್ಕೈತಿ. ತಂದಿ ಚೊಕ್ಕ ಇದ್ರ ಈ ರೋಗ ಬರಾಕಽ ಸಾಧ್ಯಿಲ್ಲ.”

ಕೆಂಚವ್ವ ಸರ್ಜಾನ ಸೋತ ಹಿಂಗಾಲನ್ನು ಈಗಷ್ಟೇ ಕಂಡವಳಂತೆ ನೋಡಿದಳು.

“ಈ ಕಾಲಿಲೆ ಇವ ಆಕಳಾ ಹ್ಯಾಂಗ ಹತ್ತಿದ್ದಾನೋ, ಭೀಮಸಿ?”

ಉತ್ತರ ಬಂದದ್ದು ಕೊಟ್ಟಿಗೆಯ ಬೆನ್ನಿಗಿದ್ದ ಭೀಮಸಿಯ ಮನೆಯ ಹಿತ್ತಲಿನಿಂದ. ಊರವರು ಚಾ ಕುಡಿದು ಬರುವುದರೊಳಗೆ ಅವನು ಕೊಟ್ಟಿಗೆಯ ಹಿಂಬಾಗಿಲಿನಿಂದ ತಂದು, ಆಕಳ ಮೇಲೆ ಹತ್ತಿಸಿ, ಮತ್ತೆ ಹಿತ್ತಲಿಗೆ ಕಟ್ಟುತ್ತಿದ್ದ ಅವನದೇ ಹೋರಿ, ಓಣಿಯ ಯಾವುದೋ ಆಕಳ ಬೆದೆಯ ವಾಸನೆ ಹಿಡಿದು ಗುಟುರು ಹಾಕಿತು.