ಟೋಪಿಯ ಮೇಲೆ ಗುಬ್ಬಚ್ಚಿ

ಬ್ಯಾಂಕಿನ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತಿದ್ದ ಪೇದೆಯ ಟೋಪಿಯ ಮೇಲೆ ಒಂದು ಗುಬ್ಬಚ್ಚಿ ಬಂದು ಕೂತಿತು. ಸುಮ್ಮನೆ ಕೂರಲೂ ಇಲ್ಲ. ಟೋಪಿಯ ಅಂಚಿನ ದಾರಗಳನ್ನು ಒಂದೊಂದಾಗಿ ಕಿತ್ತು ಗೂಡಿಗೆ ಸಾಗಿಸತೊಡಗಿತು. ಪೇದೆಗೆ ಎಚ್ಚರವಿಲ್ಲ. ಅವನದು ಅಂಥಿಂಥ ನಿದ್ದೆಯಲ್ಲ. ಅವನು ಉಸಿರೆಳೆದರೆ ಬ್ಯಾಂಕಿನ ಬಾಗಿಲು ತೆರೆದುಕೊಳ್ಳುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಎದುರಿನ ಫುಟ್‌ಪಾತಿನಲ್ಲಿ ಮಂಡಿಯೂರಿ ಕೂತು ಇದನ್ನೆಲ್ಲ ತೆಗೆಯುತ್ತಿದ್ದವಳು ಮದುವೆ ಮನೆಗಳ ಫೋಟೋಗ್ರಾಫರಮ್ಮ. ಇರುವೆಯ ಹುಬ್ಬಿನ ಕೂದಲನ್ನೂ ಬಿಡಿಬಿಡಿಯಾಗಿ ತೋರಿಸುವ ಲೆನ್ಸು ಅವಳದು. ಸುಳ್ಳೆಂದರೆ ಇರುವೆಯನ್ನೇ ಕೇಳಿ.

ಗುಬ್ಬಚ್ಚಿ ದುರಾಸೆಗೆ ಬಿದ್ದು ಉದ್ದದ ದಾರವೊಂದನ್ನು ಜಗ್ಗಿತು. ಟೋಪಿ ಜಾರಿ ಪೇದೆಯ ಮೂಗಿನ ಮೇಲೆ ಬಂತು. ಅವನು ತಡಬಡಿಸಿ ಎದ್ದು ಟೋಪಿ ಸರಿಸಿ ನೋಡುವಷ್ಟರಲ್ಲಿ ಹಕ್ಕಿ ಹಾರಿಹೋಗಿತ್ತು. ಕಂಡದ್ದು ಒಂದೇ: ಬ್ಯಾಂಕಿನ ಕಡೆ ಬಾಯಿ ತೆರೆದಿದ್ದ, ಫಿರಂಗಿಯಷ್ಟು ದಪ್ಪನೆಯ ಕ್ಯಾಮೆರಾ.

"ಏನಮ್ಮಾ, ಬ್ಯಾಂಕಿನ ಫೋಟೋ ಯಾಕೆ? ದರೋಡೆಗೆ ಸ್ಕೆಚ್ಚಾ? ನಡಿ ಸ್ಟೇಷನ್ನಿಗೆ."

"ಅಣ್ಣಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಫೋಟೋ ಇಲ್ಲೇ ನೋಡ್ಬಿಡಿ. ಸ್ಟೇಷನ್ ಗೀಷನ್ ಬೇಡ."

"ನನಗೇ ಬೆದರಿಕೆ ಹಾಕ್ತೀಯಾ?"

ಪೇದೆಯ ಹುರುಪಿಗೆ ಕಾರಣವಿತ್ತು. ಇನ್ನೊಂದು ಸಲ ಡ್ಯೂಟಿಯ ಮೇಲೆ ಕಣ್ಣು ಮುಚ್ಚಿದ್ದು ಗೊತ್ತಾದರೆ ಸಸ್ಪೆಂಡೇ ಗತಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹಿಂದಿನ ವಾರವಷ್ಟೇ ಗುಡುಗಿದ್ದರು. ಇಂಥ ಹೊತ್ತಿನಲ್ಲಿ ಒಬ್ಬ ದರೋಡೆಗಾರ್ತಿ ತಾನಾಗಿಯೇ ಬಂದು ಕೈಗೆ ಸಿಕ್ಕಿದರೆ ಯಾರು ಬಿಡುತ್ತಾರೆ? ದಾರಿಯುದ್ದಕ್ಕೂ ಅವನು ಎದೆ ಉಬ್ಬಿಸಿ ನಡೆದ ರೀತಿಗೆ ಅಂಗಿಯ ಗುಂಡಿ ಕಿತ್ತು ಹಾರಿ, ಎದುರು ಬರುತ್ತಿದ್ದ ಸೈಕಲ್ಲಿನ ಬೆಲ್ಲಿಗೆ ಬಡಿದು ಟಿಣ್ಣೆಂದಿತು.

ಸ್ಟೇಷನ್ನಿನಲ್ಲಿ ಸಾಹೇಬರು ಆಗಷ್ಟೇ ಊಟ ಮುಗಿಸಿ ಬೆಲ್ಟು ಸಡಿಲಿಸಿ ಕೂತಿದ್ದರು. "ತೋರಿಸಮ್ಮ, ಏನು ತೆಗ್ದಿದೀಯ?" ಎಂದು ಕ್ಯಾಮೆರಾ ಇಸಿದುಕೊಂಡರು. ಪರದೆಯ ಮೇಲೆ ಗುಬ್ಬಚ್ಚಿ ಬಂತು. ಗುಬ್ಬಚ್ಚಿಯ ಕೆಳಗೆ ಟೋಪಿ ಬಂತು. ಟೋಪಿಯ ಕೆಳಗೆ ಮುಚ್ಚಿದ ಕಣ್ಣು, ತೆರೆದ ಬಾಯಿ, ಬಾಯಿಯೊಳಗೆ ಹುಳುಕು ಹಲ್ಲಿನ ಸಮೇತ ಪೇದೆಯ ಪೂರ್ತಿ ಸಂಸಾರ ಕಾಣುವಷ್ಟು ಸ್ಪಷ್ಟವಾಗಿ ಬಂತು.

ಸಾಹೇಬರ ಹೆಗಲ ಮೇಲಿಂದ ಇಣುಕಿದ ಪೇದೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅಳುವ ವಧುಗಳನ್ನು, ವಧುವಿಗಿಂತ ಜೋರಾಗಿ ಅಳುವ ಸೋದರತ್ತೆಯರನ್ನು ಫೋಟೋಗ್ರಾಫರಮ್ಮ ಲೆಕ್ಕವಿಲ್ಲದಷ್ಟು ನೋಡಿದ್ದಳು. ಅಳುವ ಮೀಸೆಯನ್ನು ನೋಡಿದ್ದು ಇದೇ ಮೊದಲು.

"ನಿದ್ದೆನಾ?" ಸಾಹೇಬರು ಮೆಲ್ಲಗೆ ಕೇಳಿದರು.

ಪೇದೆ ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು: "ನಿದ್ದೆ ಅಲ್ಲ ಸರ್. ನಾನೇ ಹಾಗೆ ಕೂರಿಸಿದ್ದು."

"ಕೂರಿಸಿದ್ದಾ? ಮತ್ತೆ ಕಣ್ಣು ಯಾಕೆ ಮುಚ್ಚಿದಾನೆ?"

"ಹಕ್ಕಿಗಳಿಗೆ ಕಣ್ಣು ಕಂಡ್ರೆ ಭಯ ಸರ್."

"ಬಾಯಿ?"

"ಬಾಯಿ ಮುಚ್ಚಿದ್ರೆ ಮೂಗಿನಿಂದ ಗಾಳಿ ರಭಸವಾಗಿ ಬರತ್ತೆ. ಹಕ್ಕಿ ಹಾರಿಹೋಗತ್ತೆ."

"ನೀನೇ ಕೂರಿಸಿದ್ರೆ ನಿನ್ನನ್ನ ಯಾಕಮ್ಮಾ ಹಿಡ್ಕೊಂಡು ಬಂದ ಇವನು?"

"ತನಗೆ ಹೆಸರು ಬರೋದು ಬೇಡ, ಫೋಟೋ ಸಾಹೇಬರೇ ಮೊದಲು ನೋಡ್ಲಿ ಅಂತ ಇವರೇ ಹಠ ಮಾಡಿದ್ರು ಸರ್."

ಪೇದೆ ಕತ್ತು ಮುರಿಯುವಷ್ಟು ಜೋರಾಗಿ ತಲೆಯಾಡಿಸಿದ. ಸಾಹೇಬರು ಫೋಟೋವನ್ನು ಮತ್ತೆ ನೋಡಿದರು. ಹಿಗ್ಗಿಸಿ ನೋಡಿದರು, ಕುಗ್ಗಿಸಿ ನೋಡಿದರು. ಅವರ ಅನುಮಾನ ಕರಗಿದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಹೊಟ್ಟೆಕಿಚ್ಚು ಹೊತ್ತಿಕೊಂಡಿತು. ತಮಗಿಂತ ಕೆಳಗಿನವನ ತಲೆಯ ಮೇಲೆ ಹಕ್ಕಿ ಕೂರುವುದೆಂದರೇನು, ಇಲಾಖೆಯಲ್ಲಿ ಮೇಲು ಕೆಳಗು ಅನ್ನುವುದು ಬೇಡವೇ?

"ಪೇದೆ ತಲೆ ಮೇಲೆ ಕೂರೋ ಹಕ್ಕಿ ಇನ್ಸ್‌ಪೆಕ್ಟರ್ ತಲೆ ಮೇಲೆ ಕೂರಲ್ವೇನಮ್ಮಾ?" ಎಂದು ಎದ್ದರು. "ಕೂತ್ರೆ ನಿಮ್ಮಿಬ್ಬರ ಮಾತು ನಂಬ್ತೀನಿ. ಇಲ್ದಿದ್ರೆ ಇವನು ಮನೆಗೆ, ನಿನ್ನ ಕ್ಯಾಮೆರಾ ಬೀರುವಿಗೆ."

ಅಂಗಳದ ಮರದ ಕೆಳಗೆ ಕುರ್ಚಿ ಬಂತು. ಸಾಹೇಬರು ಟೋಪಿ ಇಟ್ಟುಕೊಂಡು ಸಿಂಹಾಸನದ ಠೀವಿಯಲ್ಲಿ ಕೂತರು. ಫೋಟೋಗ್ರಾಫರಮ್ಮ ಕ್ಯಾಮೆರಾ ಹಿಡಿದು, ವರನನ್ನು ಕೂರಿಸುವ ಹಾಗೆ ಅವರನ್ನು ಕೂರಿಸಿದಳು. "ಬೆನ್ನು ಕುರ್ಚಿಗೆ ಕೊಡಿ ಸರ್. ಗಲ್ಲ ಸ್ವಲ್ಪ ಮೇಲೆ. ಭುಜ ಬಿಡಿ. ಕಣ್ಣು ಮುಚ್ಚಿ. ಬಾಯಿ ಒಂಚೂರು ತೆಗೀರಿ, ಹಾಂ, ಅಷ್ಟೇ. ಈಗ ಏನೂ ಯೋಚನೆ ಮಾಡ್ಬೇಡಿ."

ಸ್ಟೇಷನ್ನು ಉಸಿರು ಹಿಡಿದು ನಿಂತಿತು. ಟೆಲಿಫೋನು ಬಡಿದುಕೊಂಡರೆ ಎತ್ತುವವರಿಲ್ಲ. ಲಾಕಪ್ಪಿನಲ್ಲಿದ್ದ ಜೇಬುಗಳ್ಳ ಕೆಮ್ಮು ಬಂದರೂ ಕರ್ತವ್ಯಪ್ರಜ್ಞೆಯಿಂದ ನುಂಗಿಕೊಂಡ. ದೂರು ಕೊಡಲು ಬಂದವರ ಸಾಲು ಗೇಟು ದಾಟಿ, ಬೀದಿ ದಾಟಿ, ಪಕ್ಕದೂರಿನ ಸ್ಟೇಷನ್ನಿನ ಬಾಗಿಲು ಮುಟ್ಟಿತು. ಮರದ ತುಂಬ ಹಕ್ಕಿಗಳಿದ್ದವು, ಒಂದಾದರೂ ಕೆಳಗಿಳಿಯಲಿಲ್ಲ.

ಪೇದೆ ಬೆವರಿನಲ್ಲಿ ತೊಯ್ದು ನಿಂತು ಕೊಂಬೆಗಳನ್ನೇ ನೋಡುತ್ತಿದ್ದ. ಆಗ ಕುರ್ಚಿಯ ಕಡೆಯಿಂದ ಮೊದಲು ಸಣ್ಣಗೆ, ಆಮೇಲೆ ಗಿರಣಿ ಚಾಲೂ ಆದಂತೆ ಒಂದು ಸದ್ದು ಎದ್ದಿತು. ಸಾಹೇಬರ ಗಲ್ಲ ಎದೆಗಿಳಿದಿತ್ತು. ಸದ್ದಿನ ರಭಸಕ್ಕೆ ಮರದ ಹಣ್ಣೆಲೆಗಳು ಉದುರುತ್ತಿದ್ದವು.

ಪೇದೆಯ ಕಣ್ಣು ಕೊಂಬೆಯಿಂದ ಮೆಲ್ಲಗೆ ಇಳಿದು ಕುರ್ಚಿಯ ಮೇಲೆ ನಿಂತಿತು. ಮುಖಕ್ಕೆ ರಕ್ತ ವಾಪಸ್ಸು ಬಂತು. ಅವನು ತುದಿಗಾಲಲ್ಲಿ ಫೋಟೋಗ್ರಾಫರಮ್ಮನ ಹತ್ತಿರ ಹೋಗಿ ಕಿವಿಯಲ್ಲಿ ಪಿಸುಗುಟ್ಟಿದ.

"ಈಗ ತೆಗಿ ತಾಯಿ."

"ಹಕ್ಕಿ ಬಂದಿಲ್ವಲ್ಲ ಅಣ್ಣಾ?"

"ಹಕ್ಕಿ ಬೇಡ. ಸಾಹೇಬ್ರು ಚೆನ್ನಾಗಿ ಬಂದ್ರೆ ಸಾಕು."